ಪಾದದ ಜೋಮು: ವ್ಯಾಯಾಮ ಯಂತ್ರಗಳ ಬಳಕೆಯಲ್ಲಿ

ಟ್ರೆಡ್‌ಮಿಲ್, ಎಲಿಪ್ಟಿಕಲ್, ಜಿಮ್ ಸೈಕಲ್ ಮುಂತಾದ ಯಂತ್ರಗಳ ಮೇಲೆ ವ್ಯಾಯಾಮ ಮಾಡುವಾಗ ಕಾಲ್ಬೆರಳು ಅಥವಾ ಅಂಗಾಲು ಮರಗಟ್ಟಿ ಜುಮುಗುಟ್ಟುವ ಸ್ಥಿತಿ. ಬಹುಪಾಲು ನಿರಪಾಯಕಾರಿ, ಯಂತ್ರದಿಂದಿಳಿದು ಷೂ ಸಡಿಲಿಸಿದರೆ ಕೆಲವೇ ನಿಮಿಷಗಳಲ್ಲಿ ಬಿಡುತ್ತದೆ. ಪಾದದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದಕ್ಕಿಂತ, ಬಿದ್ದ ಭಾರ ಬಿಡುವಿಲ್ಲದೆ ಒಂದೇ ಕಡೆ ನಿಲ್ಲುವುದೇ ಮುಖ್ಯ ಕಾರಣ.

ಒತ್ತುವ ಜಾಗಗಳು

ಲೇಸು ಬಿಗಿದಾಗ ಪಾದದ ಮೇಲ್ಭಾಗದ ನರ ಒತ್ತಿಕೊಂಡು ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ಸಂದಿ ಮರಗಟ್ಟುತ್ತದೆ. ಮುಂಗಾಲಿನ ಮೂಳೆಗಳ ನಡುವೆ ನರ ಸಿಕ್ಕಿದರೆ ಮೂರನೆಯ ಮತ್ತು ನಾಲ್ಕನೆಯ ಬೆರಳಿಗೆ ಜೋಮು ಹಿಡಿಯುತ್ತದೆ. ಒಳಹರಡಿನ ಹಿಂದೆ ಒತ್ತಡವಾದರೆ ಅಂಗಾಲಿಗೆ ತಟ್ಟುತ್ತದೆ. ಮುಂಗಣಕಾಲಿನ ಸ್ನಾಯುಗಳು ಬಿಗಿಯಾದ ಪೊರೆಯೊಳಗೆ ಉಬ್ಬುವುದು ನಾಲ್ಕನೆಯ, ವಿರಳವಾದ ಕಾರಣ.

ಅರಿವಿನ ಇತಿಹಾಸ

ಕಾಲ್ಬೆರಳ ನಡುವಿನ ನರನೋವನ್ನು ಇಂಗ್ಲೆಂಡಿನ ಪಾದಚಿಕಿತ್ಸಕ ಲೂಯಿಸ್ ಡರ್ಲಾಕರ್ 1845ರಲ್ಲಿಯೇ ವರ್ಣಿಸಿದ್ದ. ಆದರೆ ಹೆಸರು ಉಳಿದದ್ದು 1876ರಲ್ಲಿ ಅದನ್ನು ಬರೆದ ಫಿಲಡೆಲ್ಫಿಯಾದ ಥಾಮಸ್ ಮಾರ್ಟನ್‌ನದು. ಆತ ನೋವಿನ ಮೂಲವನ್ನು ನಾಲ್ಕನೆಯ ಬೆರಳಿನ ಕೀಲಿನಲ್ಲಿ ಹುಡುಕಿದ್ದ. ಜೋಮಿನ ಕಾರ್ಯವಿಧಾನ ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಥಾಮಸ್ ಲೂಯಿಸ್, ಪಿಕರಿಂಗ್ ಮತ್ತು ರಾತ್‌ಶೀಲ್ಡ್ 1931ರಲ್ಲಿ ರಕ್ತದೊತ್ತಡ ಅಳೆಯುವ ಪಟ್ಟಿಯಿಂದ ತೋಳಿನ ರಕ್ತಸಂಚಾರ ತಡೆದು ನೋಡಿದರು. ಸ್ಪರ್ಶಜ್ಞಾನ ಬೆರಳ ತುದಿಯಿಂದ ಮೊದಲಾಗಿ ಮೇಲಕ್ಕೆ ಅಳಿಯುತ್ತ ಬಂತು. ನೋವಿನ ಅರಿವು ಹೆಚ್ಚು ಹೊತ್ತು ಉಳಿಯಿತು. ನರವನ್ನು ಮಂಕಾಗಿಸಿದ್ದು ಒತ್ತಡದ ಪೆಟ್ಟಲ್ಲ, ಒತ್ತಿದ ಭಾಗಕ್ಕೆ ರಕ್ತ ತಲುಪದಿದ್ದುದು ಎಂಬುದು ಅವರ ನಿರ್ಣಯ. ರಕ್ತ ಮರಳಿದಾಗ ನರತಂತುಗಳು ತಾವಾಗಿಯೇ ಸಂಕೇತ ಹೊಮ್ಮಿಸುವುದರಿಂದ ಜುಮುಗುಟ್ಟುವಿಕೆ ಬರುತ್ತದೆ. ಮುಂದೆ 1943ರಲ್ಲಿ ಹರ್ಬರ್ಟ್ ಸೆಡನ್ ನರದ ಪೆಟ್ಟುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ. ಒಳಹರಡಿನ ಹಿಂದೆ ನರ ಹಾಯುವ ಸುರಂಗದಲ್ಲಿ ಒತ್ತಡವಾಗುವ ತೊಂದರೆಯನ್ನು 1962ರಲ್ಲಿ ಕೆಕ್ ಮತ್ತು ಲ್ಯಾಮ್ ಬೇರೆಬೇರೆಯಾಗಿ ಗುರುತಿಸಿದರು.

ಭಾರತದ ಕೊಡುಗೆ ಕುಷ್ಠರೋಗ ಚಿಕಿತ್ಸೆಯಿಂದ ಬಂತು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಅರಿವಿಲ್ಲದ ಪಾದದ ಹುಣ್ಣುಗಳಿಗೆ ಮಾಂಸ ಕೊಳೆಯುವುದು ಕಾರಣವಲ್ಲ, ಗಮನಕ್ಕೆ ಬಾರದ ಒತ್ತಡ ಮತ್ತೆ ಮತ್ತೆ ಬೀಳುವುದೇ ಕಾರಣ ಎಂದು ತೋರಿಸಿದರು. ಮೆತ್ತನೆಯ ಮೈಕ್ರೋಸೆಲ್ಯುಲಾರ್ ರಬ್ಬರಿನ ಚಪ್ಪಲಿಗಳು ಬಳಕೆಗೆ ಬಂದದ್ದು ಈ ತಿಳಿವಳಿಕೆಯಿಂದ.

ಯಂತ್ರಗಳ ವ್ಯತ್ಯಾಸ

ಎಲಿಪ್ಟಿಕಲ್‌ನಲ್ಲಿ ಪಾದ ಹಲಗೆಯಿಂದ ಮೇಲೇಳುವುದೇ ಇಲ್ಲ. ಹಿಮ್ಮಡಿ ಎತ್ತಿದರೆ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಸೈಕಲ್‌ನಲ್ಲಿ ಪೆಡಲ್ ಪಟ್ಟಿ ಮತ್ತು ಸೀಟು ಎರಡೂ ಒತ್ತಬಹುದು. ಟ್ರೆಡ್‌ಮಿಲ್‌ನಲ್ಲಿ ಪ್ರತಿ ಹೆಜ್ಜೆಗೂ ಪಾದ ಮೇಲೇಳುವುದರಿಂದ ಅಲ್ಲಿ ಜೋಮಿಗೆ ಸಾಮಾನ್ಯವಾಗಿ ಷೂ ಕಾರಣ. ನೆಟ್ಟಗೆ ನಡೆದಾಗ ಬಂದು, ಮುಂದೆ ಬಾಗಿ ಸೈಕಲ್ ತುಳಿದಾಗ ಬಾರದ ಜೋಮು ಸೊಂಟದ ಬೆನ್ನುಹುರಿನಾಳ ಕಿರಿದಾಗಿರುವುದನ್ನು ಸೂಚಿಸಬಹುದು.

ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿ ಜಿಮ್ಮಿಗಿಂತ ಹಳೆಯ ಜೋಮು ಹೊಲದ್ದು. ಶೇಂಗಾ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಗಂಟೆಗಟ್ಟಲೆ ಕಳೆ ತೆಗೆದರೆ ಮೊಣಕಾಲಿನ ಹೊರಮಗ್ಗುಲ ನರ ಒತ್ತಿ ಪಾದ ಮರಗಟ್ಟುತ್ತದೆ, ಕೆಲವೊಮ್ಮೆ ಸೋಲುತ್ತದೆ. ಕೊಟ್ಟೂರೇಶ್ವರ ಜಾತ್ರೆಗೆ ದಾವಣಗೆರೆ ಕಡೆಯಿಂದ ನಡೆದು ಬರುವ ಪಾದಯಾತ್ರಿಗಳನ್ನು ಜೋಮಿಗಿಂತ ಬೊಬ್ಬೆ ಹೆಚ್ಚು ಕಾಡುವುದು ಸಹಜ: ಹೆಜ್ಜೆ ಎತ್ತಿದಾಗಲೆಲ್ಲ ಪಾದಕ್ಕೆ ಬಿಡುವು ಸಿಗುತ್ತದೆ. ಗರಡಿಯಲ್ಲಿ ಬರಿಗಾಲು, ಮೆತ್ತನೆ ಮಣ್ಣು; ಷೂ ಒತ್ತುವ ಪ್ರಶ್ನೆಯೇ ಇಲ್ಲ. ಚಪ್ಪಲಿಗೆ ಹರಡಿಕೊಂಡ ಪಾದಕ್ಕೆ ಕಿರಿದಾದ ಷೂ ಹಾಕಿದಾಗ, ಅದರಲ್ಲೂ ಬಿಸಿಲಿಗೆ ಪಾದ ಊದುವ ಬೇಸಿಗೆಯಲ್ಲಿ, ತೊಂದರೆ ಎದ್ದುಕಾಣುತ್ತದೆ.

ಪರಿಹಾರ

ಷೂವನ್ನು ಸಂಜೆ, ಪಾದ ಸ್ವಲ್ಪ ಊದಿರುವಾಗ ಕೊಳ್ಳುವುದು ಒಳ್ಳೆಯದು. ಬೆರಳ ಮುಂದೆ ಹೆಬ್ಬೆರಳಗಲ ಜಾಗವಿರಬೇಕು. ನೋಯುವ ಕಡೆ ಲೇಸಿನ ಒಂದು ಅಡ್ಡಹೆಣಿಗೆ ಬಿಡಬಹುದು. ಎಲಿಪ್ಟಿಕಲ್‌ನಲ್ಲಿ ಹಿಮ್ಮಡಿ ಊರಿ, ಆಗಾಗ ನಿಲ್ಲಿಸಿ ಬೆರಳಾಡಿಸಬೇಕು. ಸೈಕಲ್‌ನಲ್ಲಿ ಪೆಡಲ್ ಪಟ್ಟಿ ಸಡಿಲಿಸಿ, ಸೀಟಿನ ಎತ್ತರ ಸರಿಪಡಿಸಬೇಕು.

ಎಚ್ಚರಿಕೆ

ವಿಶ್ರಾಂತಿಯಲ್ಲೂ ಉಳಿಯುವ, ಎರಡೂ ಪಾದಕ್ಕೆ ಕಾಲುಚೀಲದಂತೆ ಆವರಿಸುವ ಜೋಮು ಯಂತ್ರದ ದೋಷವಲ್ಲ, ಮಧುಮೇಹದಿಂದ ಬಂದಿರಬಹುದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಅಂಥವರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಪಾದ ಪರೀಕ್ಷಿಸಿಕೊಳ್ಳಬೇಕು. ಸಸ್ಯಾಹಾರಿಗಳಲ್ಲಿ, ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಕೊರತೆಯನ್ನೂ ಶಂಕಿಸಬೇಕು. ಅರಿವಿಲ್ಲದ ಪಾದಕ್ಕೆ ಬಿಸಿನೀರು, ಕಾಸಿದ ಇಟ್ಟಿಗೆಯ ಶಾಖ ಕೊಡಬಾರದು, ಸುಟ್ಟರೂ ತಿಳಿಯದು. ಪಾದ ಎತ್ತಲಾಗದಿರುವುದು, ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಾಣುವುದು ಬೇಗ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು; ತೊಡೆಸಂದಿ ಮರಗಟ್ಟಿ ಮೂತ್ರ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.