ಸಿದ್ದಾಪುರ: ಕಾಫಿ ಕಟ್ಟಿದ ಪೇಟೆ

ಕೊಡಗಿನ ವಿರಾಜಪೇಟೆ ತಾಲ್ಲೂಕಿನ ಸಿದ್ದಾಪುರ ಕಾವೇರಿ ದಡದ ಪೇಟೆ. ಹೊಳೆಯಾಚೆ ನೆಲ್ಲಿಹುದಿಕೇರಿ, ಈಚೆಗೆ ಅಮ್ಮತ್ತಿ, ಪಾಲಿಬೆಟ್ಟ, ಮಾಲ್ದಾರೆ. ಸುತ್ತಲೂ ಕಾಫಿ ತೋಟ. ಇಲ್ಲಿನ ಅಂಗಡಿ, ಲಾರಿ, ಬ್ಯಾಂಕು, ವಾರದ ಸಂತೆ ಎಲ್ಲಕ್ಕೂ ದುಡ್ಡು ಹುಟ್ಟುವುದು ಆ ತೋಟಗಳಲ್ಲಿ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬ ಪ್ಲಾಂಟರ್ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ತೋಟ ತೆರೆದ. ಮೊದಮೊದಲು ಘಟ್ಟದ ದಟ್ಟ ಕಾಡನ್ನು ಬೋಳು ಮಾಡಿ ಗಿಡ ನೆಟ್ಟರು. ನೆರಳಿಲ್ಲದ ಗಿಡಕ್ಕೆ ಕಾಂಡಕೊರಕ ಹತ್ತಿತು, ಮಳೆಗೆ ಮೇಲ್ಮಣ್ಣು ಕೊಚ್ಚಿಹೋಯಿತು. ಮಳೆ ಹದವಾಗಿರುವ ಪೂರ್ವದ ಬಿದಿರು ಸೀಮೆಯಲ್ಲಿ ಮರದ ನೆರಳು ಉಳಿಸಿಕೊಂಡು ಮಾಡಿದ ತೋಟಗಳು ಬಾಳಿದವು. ಪ್ಲಾಂಟರುಗಳು ‘ಬ್ಯಾಂಬೂ ಡಿಸ್ಟ್ರಿಕ್ಟ್’ ಎನ್ನುತ್ತಿದ್ದ ಆ ಸೀಮೆಯಲ್ಲೇ ಸಿದ್ದಾಪುರವಿದೆ. ಮುಂದೆ ಇಲ್ಲಿನ ಅನೇಕ ತೋಟಗಳು ಪಾಲಿಬೆಟ್ಟ ಕೇಂದ್ರವಾಗಿದ್ದ ಕನ್ಸಾಲಿಡೇಟೆಡ್ ಕಾಫಿ ಕಂಪನಿಯ ಕೈಸೇರಿದವು. ಅದೇ ಕಂಪನಿ ಕಾಲಾಂತರದಲ್ಲಿ ಟಾಟಾ ಕಾಫಿಯಾಯಿತು.

ತೋಟವಾಯಿತು, ಆದರೆ ದುಡಿಯುವ ಕೈ ಸಾಲದು. ಮೈಸೂರು ಸೀಮೆ, ಮಲಬಾರ್ ಮತ್ತು ತಮಿಳುನಾಡಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ಕಾಡಿನ ಯರವರು, ಕುರುಬರೂ ತೋಟದ ಕೆಲಸಕ್ಕೆ ಸೇರಿದರು. ಅವರಿಗಾಗಿ ಲೈನ್‌ಮನೆಗಳು ಎದ್ದವು. ಅಕ್ಕಿ, ಬಟ್ಟೆ, ಒಣಮೀನು ಮಾರಲು ಬಂದ ವ್ಯಾಪಾರಿಗಳು ಅಂಗಡಿ ಹಾಕಿದರು. ಕನ್ನಡ, ಮಲಯಾಳಂ, ತಮಿಳು, ಕೊಡವ ತಕ್ಕ್ ಒಂದೇ ಬೀದಿಯಲ್ಲಿ ಕೇಳಿಸುವುದು ಹೀಗೆ. ಸಿದ್ದಾಪುರವನ್ನು ಪೇಟೆಯಾಗಿ ಬೆಳೆಸಿದವರಲ್ಲಿ ತೋಟದ ಧಣಿಗಳಿಗಿಂತ ಈ ಕೂಲಿಕಾರರ ಪಾಲು ದೊಡ್ಡದು.

ರೋಗಕ್ಕೆ ಸುಲಭವಾಗಿ ಬಗ್ಗುವ ಅರೇಬಿಕಾದ ಜಾಗವನ್ನು ಇಲ್ಲಿ ಕ್ರಮೇಣ ರೊಬಸ್ಟಾ ಹಿಡಿಯಿತು. ಮಾರ್ಚ್ ಹೊತ್ತಿಗೆ ಹೂಮಳೆ, ಅದರ ಹಿಂದೆ ಹಿಮ್ಮಳೆ ಬಿದ್ದರೆ ಕಾಯಿ ಕಚ್ಚುತ್ತದೆ. ಬೀಳದಿದ್ದರೆ ಕೆರೆಯ ನೀರು ಎತ್ತಿ ಸ್ಪ್ರಿಂಕ್ಲರ್ ಹಾರಿಸಬೇಕು. ಕೊಯ್ಲಿನಲ್ಲಿ ಗಿಡದ ಬುಡಕ್ಕೆ ತಾಟು ಹಾಸಿ ಹಣ್ಣು ಉದುರಿಸುತ್ತಾರೆ, ಸಂಜೆ ತೂಕ ಹಾಕಿ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ಕಣದಲ್ಲಿ ಒಣಗಿದ ಚೆರ್ರಿಯ ವ್ಯಾಪಾರ ‘ಓಟಿ’ ಲೆಕ್ಕದ ಮೇಲೆ ನಡೆಯುತ್ತದೆ. ವ್ಯಾಪಾರಿ ಮೂಟೆಯಿಂದ ಹಿಡಿ ಚೆರ್ರಿ ತೆಗೆದು ಸಿಪ್ಪೆ ಬಿಡಿಸಿ ಬೀಜ ತೂಗುತ್ತಾನೆ. 50 ಕಿಲೋ ಮೂಟೆಯಲ್ಲಿ 26 ಕಿಲೋ ಬೀಜ ಸಿಗುವುದಾದರೆ ಓಟಿ 26. ಅದನ್ನು ಆ ದಿನದ ಪಾಯಿಂಟ್ ದರದಿಂದ ಗುಣಿಸಿದರೆ ಮೂಟೆಯ ಬೆಲೆ. ತೇವಾಂಶ ಹೆಚ್ಚಿದ್ದರೆ ಕಡಿತ.

ಈ ಬಗೆಯ ಮುಕ್ತ ವ್ಯಾಪಾರ ಹಳೆಯದೇನಲ್ಲ. 1940ರ ದಶಕದಿಂದ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಹಾಕಿ ಕಂತುಕಂತಾಗಿ ಬರುವ ಹಣಕ್ಕೆ ಕಾಯಬೇಕಿತ್ತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಆ ವ್ಯವಸ್ಥೆ 1996ರಲ್ಲಿ ಪೂರ್ತಿ ತೆರವಾಯಿತು. ಸಣ್ಣ ಬೆಳೆಗಾರನ ಕೈಗೆ ನಗದು ಬಂತು, ಜೊತೆಗೆ ಬೆಲೆ ಕುಸಿತದ ಅಪಾಯವೂ ಬಂತು. ಆ ಅಪಾಯಕ್ಕೆ ಆಸರೆಯಾದದ್ದು ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಅದಕ್ಕೂ ಅಗ್ಗದ ಆಮದಿನ ಪೆಟ್ಟು ಬಿದ್ದಾಗ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ದರ ನಿಗದಿಮಾಡಿತು.

2024ರಲ್ಲಿ ವಿಯೆಟ್ನಾಂನ ಬೆಳೆ ಕುಗ್ಗಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿತು. ಆದರೂ ಸಿದ್ದಾಪುರದ ಕಾಫಿ ಬಹುಪಾಲು ಕಚ್ಚಾ ರೂಪದಲ್ಲೇ ಹೊರಡುತ್ತದೆ. ಬೀಜ ಸಂಸ್ಕರಿಸುವ ದೊಡ್ಡ ಕ್ಯೂರಿಂಗ್ ವರ್ಕ್ಸ್‌ಗಳು ಕುಶಾಲನಗರ, ಹುಣಸೂರು, ಮೈಸೂರಿನ ಕಡೆಗಿವೆ. ಹುರಿದು ಪುಡಿಮಾಡಿ ಪ್ಯಾಕೆಟ್ಟು ಮಾರುವ ಲಾಭವೂ ಹೊರಗಿನದೇ. ಈ ಕೆಲಸದ ಒಂದು ಪಾಲಾದರೂ ಇಲ್ಲೇ ನಡೆದರೆ ಓದಿದ ಹುಡುಗರಿಗೆ ಬೆಂಗಳೂರು ಬಸ್ಸೊಂದೇ ದಾರಿಯಾಗದು. ದುಬಾರೆಯ ಆನೆ ಶಿಬಿರಕ್ಕೆ ಬರುವ ಪ್ರವಾಸಿಗರಿಂದ ಹೋಂಸ್ಟೇಗಳಿಗೆ ಆದಾಯವಿದೆ, ಆದರೆ ಊರನ್ನು ಹೊರುವಷ್ಟಿಲ್ಲ.

ಕೂಲಿಯಾಳುಗಳ ಕೊರತೆ ಈಗ ಇನ್ನೂ ಬಿಗಿಯಾಗಿದೆ. ಹಳೆಯ ಕಾರ್ಮಿಕರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಲೈನ್‌ಮನೆಗಳಿಗೆ ಅಸ್ಸಾಂ ಕಡೆಯವರು ಬಂದಿದ್ದಾರೆ. ಮಾಲ್ದಾರೆ ಕಾಡಿನ ಆನೆಗಳು ಹಗಲಲ್ಲೂ ತೋಟದೊಳಗೆ ನಿಲ್ಲುತ್ತವೆ, ಕೆಲಸಕ್ಕೆ ಹೊರಟ ಕಾರ್ಮಿಕರು ಅವುಗಳಿಗೆ ಸಿಕ್ಕಿ ಸತ್ತಿದ್ದಾರೆ. 2019ರ ಆಗಸ್ಟಿನ ಪ್ರವಾಹದಲ್ಲಿ ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿಯ ಹೊಳೆದಂಡೆಯ ಮನೆಗಳು ಮುಳುಗಿದಾಗ ಸೂರು ಕಳೆದುಕೊಂಡವರಲ್ಲಿ ಹೆಚ್ಚಿನವರು ತೋಟದ ದುಡಿಮೆಯನ್ನೇ ನಂಬಿದವರು. ತಲೆಮಾರುಗಳಿಂದ ದುಡಿದರೂ ಸ್ವಂತ ಜಾಗವಿಲ್ಲದ್ದರಿಂದಲೇ ಅವರು ಹೊಳೆಯ ಅಂಚಿನಲ್ಲಿ ಮನೆ ಕಟ್ಟಿಕೊಂಡಿದ್ದರು.