ಮೂಸಿ ನದಿ, ಹುಣಸೆ ಮರ ಮತ್ತು 788 ಕೆರೆಗಳು

2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನ ನಮ್ಮ ಬಾಡಿಗೆ ಮನೆಯೊಳಗೆ ಮೊಣಕಾಲುದ್ದ ನೀರು. ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ತೆಲುಗಿನಲ್ಲಿ ಹೇಳಿದ್ದು ಇಷ್ಟು: "ಇಲ್ಲೇ ನಾವು ಎಮ್ಮೆ ಮೈ ತೊಳೀತಿದ್ವಿ ಕಣಪ್ಪಾ. ಕೆರೆ ತನ್ನ ಜಾಗಕ್ಕೆ ಬಂದಿದೆ, ಅಷ್ಟೇ." ಮನೆ ಹಿಡಿಯುವಾಗ ನಲ್ಲಿಯಲ್ಲಿ ನೀರು ಬರುತ್ತಾ ಅಂತ ವಿಚಾರಿಸಿದ್ದೆ. ಮಳೆನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿರಲಿಲ್ಲ!

ಈ ಊರಿನಲ್ಲಿ ಆ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನೇ ನುಂಗಿತು. ಸತ್ತವರು ಸುಮಾರು 15 ಸಾವಿರ ಎಂಬ ಅಂದಾಜಿದೆ. ಅಫ್ಜಲ್‌ಗಂಜ್‌ನ ಒಂದು ಹುಣಸೆ ಮರ ಹತ್ತಿ ನೂರೈವತ್ತು ಜನ ಬದುಕಿಕೊಂಡರಂತೆ. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮುಂಬಯಿ ಸರ್ಕಾರದ ಕೆಲಸ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರ ಕರೆಸಿತು. 1909ರಲ್ಲಿ ಅವರು ಬಂದರು.

ನದಿಗೆ ಗೋಡೆ ಕಟ್ಟಿಸಿ ಹೋಗಬಹುದಿತ್ತು. ಅವರು ಮೊದಲು ಹಿಡಿದದ್ದು ಲೆಕ್ಕದ ಪುಸ್ತಕ. ಶಂಷಾಬಾದಿನಲ್ಲಿ 24 ಗಂಟೆಯಲ್ಲಿ ಬಿದ್ದ ಮಳೆ ಹೆಚ್ಚುಕಡಿಮೆ 13 ಇಂಚು. ಊರಿನ ಮೇಲ್ಭಾಗದ ಜಲಾನಯನದಲ್ಲಿ ಇದ್ದ ಕೆರೆಗಳು 788, ಅವುಗಳಲ್ಲಿ ಒಡೆದದ್ದು 221. ಮೇಲಿನ ಕೆರೆಯ ಕಟ್ಟೆ ಒಡೆದರೆ ಆ ನೀರು ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಅದೂ ಒಡೆಯುತ್ತದೆ... ಹೀಗೆ ಸರಪಳಿ. ಊರೊಳಗಿನ ಪ್ರವಾಹದ ಮೂಲ ಊರ ಹೊರಗಿತ್ತು!

ಲೆಕ್ಕ ಮುಗಿದ ಮೇಲೆ ನಕ್ಷೆ. ನೀರನ್ನು ಊರಿನ ಮೇಲೆಯೇ ತಡೆಯಲು ಎರಡು ಜಲಾಶಯ, ಊರೊಳಗೆ ದಂಡೆ ಎತ್ತರಿಸಿ ಉದ್ಯಾನ, ಜೊತೆಗೆ ಒಳಚರಂಡಿ. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ವಿನ್ಸೆಂಟ್ ಎಶ್ ಎಂಬ ವಾಸ್ತುಶಿಲ್ಪಿ ಅದೇ ನದಿ ದಂಡೆಯಲ್ಲಿ ಹೈಕೋರ್ಟು, ಉಸ್ಮಾನಿಯಾ ಆಸ್ಪತ್ರೆಗಳ ವಿನ್ಯಾಸ ಮಾಡಿದರು. ನೀರಿನ ಲೆಕ್ಕ ಮಾಡಿದವರು ಮುಂದೆ, ಕಟ್ಟಡ ಬರೆದವರು ಹಿಂದೆ. ಆ ಕ್ರಮ ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಹಾಗಾದರೆ 2020ರಲ್ಲಿ ನಮ್ಮ ಮನೆಗೆ ನೀರು ಹೇಗೆ ಬಂತು? ಆ ಮಳೆ ಊರಿನ ಮೇಲೆಯೇ ಸುರಿದಿತ್ತು. ಅಣೆಕಟ್ಟೆಯ ಕೆಳಗೆ ಬಿದ್ದ ಮಳೆಯನ್ನು ಅಣೆಕಟ್ಟೆ ತಡೆಯಲಾರದು. ಅದನ್ನು ಹಿಡಿಯಬೇಕಾದವು ಊರೊಳಗಿನ ಕೆರೆಗಳು, ಸಾಗಿಸಬೇಕಾದವು ಕಾಲುವೆಗಳು. ಅವುಗಳ ಮೇಲೆ ಬಡಾವಣೆ ಬಂದಿವೆ. ಎರಡೂ ಜಲಾಶಯಗಳ ಸುತ್ತ 10 ಕಿ.ಮೀ. ತನಕ ಕಟ್ಟಡಗಳಿಗೆ ಕಡಿವಾಣ ಹಾಕಿದ 1996ರ ಸರ್ಕಾರಿ ಆದೇಶವನ್ನೂ 2022ರಲ್ಲಿ ಸಡಿಲಿಸುವ ಆದೇಶ ಹೊರಟಿತು.

ವಿಶ್ವೇಶ್ವರಯ್ಯನವರ ಅಣೆಕಟ್ಟೆಗೆ ಕೈ ಮುಗಿಯುತ್ತೇವೆ, ಅವರ ವಿಧಾನ ಮರೆತಿದ್ದೇವೆ. ಅವರು ಅಳೆಯುವುದನ್ನೂ ನಕ್ಷೆ ಬರೆಯುವುದನ್ನೂ ಒಂದೇ ಮೇಜಿನ ಮೇಲೆ ಮಾಡಿದರು. ಇವತ್ತು ಅಳೆಯುವವರು ವಿಶ್ವವಿದ್ಯಾಲಯದಲ್ಲಿ, ಬರೆಯುವವರು ವಾಸ್ತುಶಿಲ್ಪಿಗಳ ಕಚೇರಿಯಲ್ಲಿ. ಅವರಿಬ್ಬರೂ ಭೇಟಿಯಾಗುವುದು ಮನೆಗೆ ನೀರು ನುಗ್ಗಿದ ಮೇಲೆ ಟಿವಿ ಚರ್ಚೆಯಲ್ಲಿ!

ಈಗ ಮತ್ತೆ ಮನೆ ಹುಡುಕುತ್ತಿದ್ದೇನೆ. ಈ ಸಲ ಬ್ರೋಕರ್ ಜೊತೆ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತೇನೆ. ನಿಮ್ಮ ಮನೆಯ ಕೆಳಗೆ ಯಾವ ಕೆರೆ ಇತ್ತು, ಗೊತ್ತೇ?