ಬುಡದ ಮುಳ್ಳು

ನಮ್ಮ ಅಜ್ಜ ಬಿದಿರಿಗೆಂದು ಆರಿಸಿದ ಜಾಗವನ್ನು ನಾನು ಇವತ್ತಿಗೂ ದಿನಕ್ಕೆರಡು ಸಲ ದಾಟುತ್ತೇನೆ. ಶಿರಸಿ ಸೀಮೆಯ ನಮ್ಮ ಮನೆಯಿಂದ ಅಡಿಕೆ ತೋಟಕ್ಕೆ ಇಳಿಯುವಲ್ಲಿ, ಸೊಪ್ಪಿನ ಬೆಟ್ಟಕ್ಕೂ ತೋಟಕ್ಕೂ ನಡುವೆ ಆಳೆತ್ತರದ ಒಂದು ಅಗಳವಿದೆ. ಅದನ್ನು ತೋಡಿದಾಗ ಮೇಲೆ ಎಸೆದ ಮಣ್ಣು ದಿಬ್ಬವಾಗಿ ನಿಂತಿತ್ತು. ಅಜ್ಜ ಗಡ್ಡೆ ಇಟ್ಟದ್ದು ಆ ದಿಬ್ಬದ ಮೇಲೆ.

ಚಿಕ್ಕವಳಿದ್ದಾಗ ಅದು ಖಾಲಿ ಬಿದ್ದ ಜಾಗವೆಂದುಕೊಂಡಿದ್ದೆ. ಬೇರೆ ಏನೂ ಬೆಳೆಯದ ಕಡೆ ಬಿದಿರು ಹಾಕಿದ್ದಾರೆ ಎಂಬ ಭಾವನೆ. ತೋಟದ ಜವಾಬ್ದಾರಿ ಹೆಗಲಿಗೆ ಬಂದ ಮೇಲೆ ಒಂದೊಂದಾಗಿ ಲೆಕ್ಕ ಸಿಕ್ಕಿತು. ಬಿದಿರಿಗೆ ಮಳೆ ಬೇಕು, ಆದರೆ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ದಿಬ್ಬದಲ್ಲಿ ನೀರು ನಿಲ್ಲುವುದಿಲ್ಲ. ತೋಡಿ ಹಾಕಿದ ಮಣ್ಣು ಸಡಿಲ, ಹಾಗಾಗಿ ಗಡ್ಡೆ ಬೇಗ ಹಬ್ಬುತ್ತದೆ. ಬೇರು ಅಡಿಕೆಯ ಕಡೆ ಹೊರಳಿದರೆ ಅಗಳ ತಡೆಯುತ್ತದೆ. ಮೆಳೆ ತೋಟದ ಉತ್ತರಕ್ಕಿದೆ, ವರ್ಷದ ಬಹುಪಾಲು ಅದರ ನೆರಳು ಬೆಟ್ಟದತ್ತ ಬೀಳುತ್ತದೆ. ಇನ್ನು ಮನೆಯಿಂದ ಒಂದು ಕೂಗಳತೆ ದೂರ: ಹಾವು, ಬೇಸಿಗೆಯ ಬೆಂಕಿ, ಗಾಳಿಗೆ ಗಳಕ್ಕೆ ಗಳ ಉಜ್ಜಿ ರಾತ್ರಿಯಿಡೀ ಕಿರುಗುಟ್ಟುವ ಸದ್ದು, ಎಲ್ಲವೂ ದೂರವೇ ಉಳಿಯಲಿ ಎಂದು.

ಆ ಒಂದು ಮೆಳೆ ಮನೆಗೆ ಕೊಟ್ಟದ್ದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ದಣಪೆಯ ಗಳ, ಏಣಿ, ದೋಟಿ, ಹಳ್ಳದ ಸಂಕ, ಮದುವೆಯ ಚಪ್ಪರ. ಮಳೆಗಾಲದಲ್ಲಿ ಆಯಿ ಕಳಲೆ ತಂದು ಹೆಚ್ಚಿ, ಮೂರು ದಿನ ನೀರು ಬದಲಿಸುತ್ತ ನೆನೆಸಿಡುತ್ತಿದ್ದಳು. ವರ್ಷಕ್ಕೊಮ್ಮೆ ಮೇದಾರರ ಹಿರಿಯರೊಬ್ಬರು ಬಂದು ಬಲಿತ ಗಳ ಆರಿಸಿ ಕಡಿದು, ಬದಲಿಗೆ ಮೊರ, ಬುಟ್ಟಿ ಕೊಡುತ್ತಿದ್ದರು. ಕೃಷ್ಣಪಕ್ಷದಲ್ಲೇ ಬರುತ್ತಿದ್ದರು, ಬೆಳದಿಂಗಳಲ್ಲಿ ಕಡಿದ ಬಿದಿರಿಗೆ ಕುಟ್ಟೆ ಹಿಡಿಯುತ್ತದೆಂಬುದು ಅವರ ನಂಬಿಕೆ. ಬುಡದ ಹೆಣೆದುಕೊಂಡ ಮುಳ್ಳನ್ನು ಮಾತ್ರ ಅವರು ತಮಗೆ ನುಗ್ಗಲು ಬೇಕಾದಷ್ಟೇ ಬಿಡಿಸಿ, ಕೆಲಸ ಮುಗಿದ ಮೇಲೆ ಮತ್ತೆ ಎಳೆದು ಮುಚ್ಚುತ್ತಿದ್ದರು.

ಆ ಮುಚ್ಚುವ ಕೆಲಸ ಯಾಕೆಂದು ನಾನು ಕೇಳಲೇ ಇಲ್ಲ. ಅಜ್ಜ ತೀರಿಕೊಂಡ ಮೇಲೆ, ಮೆಳೆ ಗಲೀಜಾಗಿದೆ ಎಂದು ಒಂದು ಬೇಸಿಗೆ ಆಳು ಹಚ್ಚಿ ಬುಡದ ಮುಳ್ಳನ್ನೆಲ್ಲ ಸವರಿಸಿ ಸುಟ್ಟೆ. ನೋಡಲು ಚೆಂದವೇ ಆಯಿತು. ಆಷಾಢದಲ್ಲಿ ಹನ್ನೊಂದು ಕಳಲೆ ಎದ್ದವು, ನಾನೇ ಎಣಿಸಿದ್ದೆ. ಚೌತಿ ಹಬ್ಬದ ಹೊತ್ತಿಗೆ ಒಂದೂ ಉಳಿಯಲಿಲ್ಲ. ಕೆಲವನ್ನು ದನ ಮೇಯ್ದವು, ಉಳಿದವುಗಳ ಬುಡ ಮುಳ್ಳುಹಂದಿ ಕಡಿದಂತಿತ್ತು. ಮೇದಾರರ ಹಿರಿಯರು ಬಂದು ಸುಮ್ಮನೆ ನಿಂತು ನೋಡಿದರು. “ತಂಗೀ, ಮುಳ್ಳು ಅದರ ಬೇಲಿಯಾಗಿತ್ತು,” ಎಂದರು.

ಇದೇ ತಪ್ಪನ್ನು ನಮ್ಮ ಜಿಲ್ಲೆಯ ಕಾಡಿನಲ್ಲಿ ಬಲು ದೊಡ್ಡದಾಗಿ ಮಾಡಿದ್ದರೆಂಬುದು ನನಗೆ ಆಮೇಲೆ ಓದಿ ಗೊತ್ತಾಯಿತು. ದಾಂಡೇಲಿಯ ಕಾಗದ ಕಾರ್ಖಾನೆ 1959ರಲ್ಲಿ ಉತ್ಪಾದನೆ ಶುರು ಮಾಡಿತು. ಅದಕ್ಕೆ ಬಿದಿರು ಒಂದು ಕಾಲಕ್ಕೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಿಗುತ್ತಿತ್ತು. ಪೇಟೆಯಲ್ಲಿ ಅದೇ ಬಿದಿರಿನ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಬುಟ್ಟಿ ಹೆಣೆಯುವವರ ಕೈಗೆ ಬಿದಿರು ಎಟುಕದಾಯಿತು. 1970ರ ದಶಕದಲ್ಲಿ ಅವರ ಕೂಗು ಸರ್ಕಾರದವರೆಗೂ ಹೋದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ಎನ್. ಪ್ರಸಾದ್ ಕಾಡಿಗಿಳಿದು ಬಿದಿರನ್ನು ಅಭ್ಯಾಸ ಮಾಡಿದರು. ಬುಡದ ಮುಳ್ಳನ್ನು ಬಿಡಿಸಿದರೆ ಇಕ್ಕಟ್ಟು ಕಡಿಮೆಯಾಗಿ ಗಳ ಚೆನ್ನಾಗಿ ಬೆಳೆಯುತ್ತದೆ ಎಂಬ ಲೆಕ್ಕದಲ್ಲಿ ಮೆಳೆಗಳನ್ನು ಶುಚಿ ಮಾಡಲಾಗುತ್ತಿತ್ತು. ಊರಿನವರು ಮಾತ್ರ ಬೇರೆಯೇ ಹೇಳಿದರು: ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ, ದನವೂ ಕಾಡುಪ್ರಾಣಿಯೂ ತಿಂದು ಮುಗಿಸುತ್ತವೆ. ಗಾಡ್ಗೀಳ್, ಪ್ರಸಾದ್ ಇಬ್ಬರೂ ವರ್ಷಗಟ್ಟಲೆ ಮೆಳೆಗಳನ್ನು ಎಣಿಸಿ ನೋಡಿದರು. ಊರಿನವರ ಮಾತೇ ನಿಜವಾಗಿತ್ತು. ಅಷ್ಟರಲ್ಲಿ ಹತ್ತಿರದ ಕಾಡಿನ ಬಿದಿರು ಬರಿದಾಗಿ ಕಾರ್ಖಾನೆ ದೂರದ ರಾಜ್ಯಗಳತ್ತ ಮುಖ ಮಾಡಬೇಕಾಗಿ ಬಂದಿತ್ತು. ಇದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಕಾರ್ಖಾನೆಯೋ ಅರಣ್ಯ ಇಲಾಖೆಯೋ ಇರಲಿ, ಕೇಳಬಹುದಾಗಿದ್ದ ಜನ ಪಕ್ಕದಲ್ಲೇ ಇದ್ದರು. ನನಗೂ ಇದ್ದರು.

ಬಿದಿರು ಹುಲ್ಲಿನ ಕುಲದ್ದು. ಆದರೂ 1927ರ ಭಾರತೀಯ ಅರಣ್ಯ ಕಾಯ್ದೆ ಅದನ್ನು ಮರಗಳ ಪಂಕ್ತಿಯಲ್ಲಿ ಕೂರಿಸಿತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಪಂಕ್ತಿಯಿಂದ ಎಬ್ಬಿಸಿದ್ದು 2017ರ ತಿದ್ದುಪಡಿ, ಅಂದರೆ ತೊಂಬತ್ತು ವರ್ಷಗಳ ಮೇಲೆ.

ನಮ್ಮ ಮನೆಯಲ್ಲಿ ಉಳಿದ ಹುಲ್ಲುಗಳಿಗೂ ಗೊತ್ತಾದ ಜಾಗಗಳಿದ್ದವು. ಮಜ್ಜಿಗೆ ಹುಲ್ಲು ಬಚ್ಚಲ ನೀರು ಹರಿಯುವಲ್ಲಿ. ಲಾವಂಚ ದರೆಯ ಅಂಚಿಗೆ, ನೀರು ಇಳಿಯುವ ದಿಕ್ಕಿಗೆ ಅಡ್ಡಲಾಗಿ. ಹಳೆಯ ಬುಡ ಸೀಳಿ, ಅರ್ಧ ಗೇಣಿಗೊಂದರಂತೆ ಮೊದಲ ಮಳೆಗೆ ನೆಟ್ಟರೆ ಎರಡು ವರ್ಷದಲ್ಲಿ ಸಾಲು ಕೂಡಿಕೊಳ್ಳುತ್ತದೆ. ಅದರ ಬೇರು ಅಗಲಕ್ಕೆ ಹರಡದೆ ನೆಟ್ಟಗೆ ಕೆಳಗಿಳಿಯುತ್ತದೆ, 3 ಮೀಟರಿನವರೆಗೂ. ಪಕ್ಕದ ಬೆಳೆಯ ಪಾಲು ಕದಿಯುವುದಿಲ್ಲ. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಗಡಿಗೆ ಲಾವಂಚದ ಬದು ಕಟ್ಟುತ್ತಿದ್ದದ್ದು ತಲೆಮಾರುಗಳಿಂದ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣಿನ ಸವಕಳಿಗೆ ಲಾವಂಚವೇ ಮದ್ದೆಂದು ದೇಶದೇಶಗಳಲ್ಲಿ ಸಾರಿದರು. 1993ರಲ್ಲಿ ಅಮೆರಿಕದಲ್ಲಿ ಹೊರಬಂದ ಲಾವಂಚದ ಪುಸ್ತಕದಲ್ಲಿ ಗುಂಡ್ಲುಪೇಟೆಯ ಬದುಗಳೂ ಜಾಗ ಪಡೆದವು. ಆ ಬದು ಕಟ್ಟಿದವರ ಹೆಸರು ನನಗೆಲ್ಲೂ ಸಿಗಲಿಲ್ಲ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಅವರೇ ಮೊದಲಿಗರು.

ಅಜ್ಜನ ಮೆಳೆ ಕೊನೆಗೆ ಹೂ ಬಿಟ್ಟಿತು. ಮುಳ್ಳುಬಿದಿರು ಸುಮಾರು ನಲವತ್ತು, ನಲವತ್ತೈದು ವರ್ಷಕ್ಕೊಮ್ಮೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಬುಡಸಮೇತ ಒಣಗುತ್ತದೆ. ನಾವು ಅಕ್ಕಿ ಗುಡಿಸಿ ತಂದೆವು, ಆಯಿ ಒಂದು ದಿನ ಅನ್ನ ಮಾಡಿದಳು. ಉಣ್ಣುವಾಗ ಯಾರೂ ಮಾತಾಡಲಿಲ್ಲ.

ಅದೇ ದಿಬ್ಬದಲ್ಲಿ ಎದ್ದ ಸಸಿಗಳಲ್ಲಿ ಎರಡನ್ನು ಉಳಿಸಿಕೊಂಡೆ. ಮಣ್ಣು ಸಡಿಲಿಸಿ, ಬೆಟ್ಟದ ದರಗು ಹಾಸಿ, ಸುತ್ತ ಒಣಮುಳ್ಳು ಒಟ್ಟಿದೆ. ಈ ಸಲ ಏಳು ಕಳಲೆ ಎದ್ದಿವೆ. ನಿನ್ನೆ ಆಳು ಕತ್ತಿ ಹಿಡಿದು ಅತ್ತ ಹೋಗುತ್ತಿದ್ದ, ಜಗಲಿಯಿಂದಲೇ ಕೂಗಿ ಕರೆದೆ.